ಎಲ್ಲರೂ ಕೈ ತೆಗೀರಿ

"ಡಬ್ಬಿ ಅಲ್ಲಾಡಿಸ್ಬೇಡ್ವೇ, ಒಳಗೆ ಟೀಚರ್ ಇದಾರೆ!"

ಸಾಲಿನ ಹಿಂದಿನಿಂದ ಕೂಗು ಬಂದದ್ದೇ ತಡ, ಗಗನಾ ಕಾಲುಸಂಕದ ನಡುವೆ ನಿಂತುಬಿಟ್ಟಳು. ಊಟದ ಡಬ್ಬಿಯನ್ನು ಎದೆಗೊತ್ತಿಕೊಂಡು, ಮುಚ್ಚಳಕ್ಕೆ ಕಿವಿ ಹಚ್ಚಿ, ಒಳಗಿನವರಿಗೆ ಪೆಟ್ಟಾಯಿತೇನೋ ಎಂದು ಕೇಳಿಸಿಕೊಂಡಳು. ಅವಳ ಹಿಂದಿದ್ದ ಹತ್ತು ಮಕ್ಕಳೂ ನಿಂತರು.

"ನಡೀರಿ, ನಡೀರಿ! ಸಂಕದ ಮೇಲೆ ನಿಂತು ಪಂಚಾಯ್ತಿ ಮಾಡ್ತೀರಲ್ಲ, ಕೆಳಗೆ ನೀರು ಕಾಣ್ತಾ ಇಲ್ವಾ ನಿಮ್ಗೆ?" ಎಂದು ಪಾಪಮ್ಮ ಗದರಿದಳು. ಗದರಿದ್ದು ಅಭ್ಯಾಸಬಲದಿಂದ. ದನಿಯಲ್ಲಿ ಇವತ್ತು ಜೋರಿರಲಿಲ್ಲ.

ಡಬ್ಬಿಯಲ್ಲಿದ್ದದ್ದು ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಮಣ್ಣಿನ ಗೊಂಬೆ. ಒಂದು, ಗೇಣಿಗಿಂತ ಚಿಕ್ಕದಾದ ತ್ರಿಪುರಸುಂದರಿ ಟೀಚರ್. ಇನ್ನೊಂದು ಅದೇ ಅಳತೆಯ, ಮೂಗು ಮಾತ್ರ ಅಳತೆ ಮೀರಿದ ಪಾಪಮ್ಮ. ನಿಜವಾದ ಟೀಚರು ನಿನ್ನೆ ಸಂಜೆ ಕಳಸದ ಜೀಪಿನಿಂದ ಇಳಿದು, "ಒಂದ್ನಿಮಿಷ ಕೂತು ಹೋಗ್ತೀನಿ" ಎಂದು ಸಂಸೆಯ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತವರು ಮತ್ತೆ ಏಳಲಿಲ್ಲ. ಐವತ್ತೆಂಟು ವರ್ಷ. ಕಾಯಿಲೆ ಅಂತ ಒಂದು ದಿನ ಮಲಗಿದವರಲ್ಲ.

ಅವರು ಕಳಸಕ್ಕೆ ಯಾಕೆ ಹೋಗಿದ್ದರು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಶಾಲೆಯ ಟ್ಯಾಬ್ ಕೆಟ್ಟಿತ್ತು, ರಿಪೇರಿಗೆ ಹೋಗಿದ್ದರು. ಅದು ಕೆಟ್ಟದ್ದು ಹೇಗೆ ಎನ್ನುವುದು ಗೊತ್ತಿದ್ದದ್ದು ಇಬ್ಬರಿಗೆ. ಅವರಲ್ಲೊಬ್ಬರು, ಟೀಚರೇ, ಈಗ ತಮ್ಮ ಮನೆಯ ಹಾಲ್‌ನಲ್ಲಿ ಮಲಗಿದ್ದಾರೆ. ಇನ್ನೊಬ್ಬಳು, ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಬಿಸಿಯೂಟ ಬೇಯಿಸುವ ಪಾಪಮ್ಮ, ಸಂಕ ದಾಟಿ ಮಕ್ಕಳ ಹಿಂದೆ ಹತ್ತುತ್ತಿದ್ದಾಳೆ. ಬೆಳಿಗ್ಗೆಯಿಂದ ಅವಳ ಗಂಟಲಲ್ಲಿ ನೀರೂ ಇಳಿದಿಲ್ಲ.

ಟೀಚರ ಮನೆ ರಸ್ತೆ ಬದಿಯ ಶೀಟಿನ ಮನೆ. ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ಒಂದು ವಾರ ಹಿಡಿದಿದ್ದ ಮಂಜು ಇವತ್ತು ಬೆಳಿಗ್ಗೆ ಎದ್ದು ಹೋಗಿ ಕಣದ ತುಂಬ ಬಿಸಿಲು ಬಿದ್ದಿತ್ತು. ಇಂಥ ದಿನ ಇಂಥ ಬಿಸಿಲು ಯಾಕೆ ಬೇಕಿತ್ತೋ. ಎಲ್ಲ ತೀರಾ ಸ್ಪಷ್ಟವಾಗಿ ಕಾಣುತ್ತಿತ್ತು, ಕಣದ ಮೇಲೆ ಒರಗಿಸಿದ ಚಟ್ಟದ ಬಿದಿರಿನ ಗಂಟು ಕೂಡ.

ಟೀಚರ ಗಂಡ ಕಾಶೀನಾಥ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ರಿಟೈರಾದರೂ ಊರಿಗೆಲ್ಲ ರೈಟ್ರೇ. ಜಗಲಿಯ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಒಂದೇ ಮಾತನ್ನು ಒಂದೇ ರೀತಿ ಹೇಳುತ್ತಿದ್ದರು. ಈಗ ಶಾಲಾ ಸಮಿತಿ ಅಧ್ಯಕ್ಷ ಗಂಗಾಧರಪ್ಪನ ಸರದಿ.

"ನಿನ್ನೆ ಬೆಳಿಗ್ಗೆ ಬೈದೆ ಕಣ್ರೀ. ಟ್ಯಾಬನ್ನ ಬಕೆಟ್ಟಿಗೆ ಬೀಳಿಸ್ದೆ ಅಂದ್ಲು. ಸರ್ಕಾರದ ಸಾಮಾನು ನೀರಿಗೆ ಹಾಕ್ತೀಯಲ್ಲ, ಕೈಲಿ ಜೀವ ಇಲ್ವಾ ನಿಂಗೆ ಅಂದೆ. ಅದೇ ಕೊನೇ ಮಾತು. ಅವ್ಳು ಚಪ್ಪಲಿ ಮೆಟ್ಕೊಂಡು ಹೋದ್ಲು."

"ಬಿಡಿ ರೈಟ್ರೇ, ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ ಹೋಗುತ್ತೆ."

"ಬಂದಿದ್ದು ಹೋಗ್ಲಿಲ್ಲವಲ್ಲ ಮಾರಾಯ್ರೇ."

ಪಾಪಮ್ಮ ಮೆಟ್ಟಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಳು. ಹೇಳಿಬಿಡಬೇಕು ಅಂತ ಬಾಯಿ ತೆರೆದಳು. ಗಂಗಾಧರಪ್ಪನ ಮುಖ ಕಂಡಿತು. ಅಡುಗೆಯವಳನ್ನು ಇಟ್ಟುಕೊಳ್ಳುವುದೂ ತೆಗೆಯುವುದೂ ಆ ಸಮಿತಿಯೇ. ಬಾಯಿ ಮುಚ್ಚಿಕೊಂಡಳು.

"ಪಾಪಮ್ಮಕ್ಕ, ಟೀಚರ್‌ನ ಎಲ್ಲಿಡೋದು?" ಗಗನಾ ಡಬ್ಬಿ ತೆರೆದು ಕೇಳಿದಳು.

ಅತಿಥಿ ಶಿಕ್ಷಕಿ ಪಂಚಮಿ ಅವಳ ಕೈಹಿಡಿದು ಒಳಗೆ ಕರೆದೊಯ್ದಳು. ಪಾಪಮ್ಮ ಹೊಸ್ತಿಲ ಈಚೆಯೇ ನಿಂತಳು. ಹದಿನೆಂಟು ವರ್ಷದಲ್ಲಿ ಅವಳು ಈ ಹೊಸ್ತಿಲು ದಾಟಿದವಳಲ್ಲ. ಬಾ ಎಂದು ಯಾರೂ ಅಂದಿರಲಿಲ್ಲ, ಬರಬೇಡ ಎಂದೂ ಅಂದಿರಲಿಲ್ಲ. ಅದು ಹಾಗೇ ನಡೆದುಕೊಂಡು ಬಂದಿತ್ತು.

ಮುತ್ತೈದೆ ಸಾವು. ಟೀಚರಿಗೆ ಹಸಿರು ಸೀರೆ ಉಡಿಸಿದ್ದರು, ಹಣೆ ತುಂಬ ಕುಂಕುಮ, ಎರಡೂ ಕೈಗೆ ಮಣಿಕಟ್ಟಿನಿಂದ ಮೇಲಕ್ಕೆ ಡಜನ್ ಡಜನ್ ಹಸಿರು ಗಾಜಿನ ಬಳೆ. ಪಾಪಮ್ಮನಿಗೆ ಅದೇ ವಿಚಿತ್ರವೆನಿಸಿತು. ಟೀಚರ ಕೈಯಲ್ಲಿ ಅವಳು ಎರಡು ವರ್ಷದಿಂದ ವಾಚು ಬಿಟ್ಟರೆ ಬೇರೇನೂ ಕಂಡಿರಲಿಲ್ಲ.

ಗಗನಾ ತಲೆಯ ಪಕ್ಕದ ದೀಪದ ಬುಡದಲ್ಲಿ ಟೀಚರ್ ಗೊಂಬೆಯನ್ನು ನಿಲ್ಲಿಸಿದಳು. ಆಮೇಲೆ ಇನ್ನೊಂದನ್ನು ಎತ್ತಿ ಹಿಡಿದು, "ಪಾಪಮ್ಮಕ್ಕನ್ನೂ ಅಲ್ಲೇ ಇಡ್ಲಾ?" ಎಂದಳು.

"ಅಯ್ಯೋ, ಬೇಡ್ವೇ ಪುಟ್ಟಿ! ನನ್ನ ಇಲ್ಲೇ ಇಡು, ಬಾಗ್ಲಲ್ಲಿ."

ದಪ್ಪ ಮೂಗಿನ ಗೊಂಬೆ ಹೊಸ್ತಿಲ ಒಳಮೂಲೆಯಲ್ಲಿ ನಿಂತಿತು. ಅದರ ಕೈಯಲ್ಲಿ ಹುಣಿಸೆ ಬೀಜದಷ್ಟು ದೊಡ್ಡ ಸೌಟು.

*

ಆ ಟ್ಯಾಬ್ ಬಂದದ್ದು ಎರಡು ವರ್ಷದ ಹಿಂದೆ. ಯಾವುದೋ ಸಂಸ್ಥೆಯವರು ಕೊಟ್ಟು, ಅದರೊಳಗೆ ಪಾಠದ ವಿಡಿಯೋ ತುಂಬಿಸಿ, ಫೋಟೋ ತೆಗೆಸಿಕೊಂಡು ಹೋದರು. ಮಕ್ಕಳು ಮೂರು ದಿನ ಬಾಯಿ ಬಿಟ್ಟುಕೊಂಡು ನೋಡಿದವು. ನಾಲ್ಕನೆಯ ದಿನ ಟೀಚರು ಅದನ್ನು ಮುಚ್ಚಿದರು.

"ನೋಡಿದ್ದು ಸಾಕು. ಇನ್ನು ನಾವೇ ಮಾಡೋಣ."

ಎಲ್ಲಿ ಕಲಿತರೋ ಏನೋ, ಐವತ್ತಾರನೆಯ ವಯಸ್ಸಿಗೆ. ಹಳ್ಳದ ದಂಡೆಯ ಜಿಗುಟು ಮಣ್ಣು ತರಿಸಿದರು. ಗೊಂಬೆ ಮಾಡುವುದು, ಒಂದು ಫೋಟೋ. ಗೊಂಬೆಯ ಕಾಲನ್ನು ಕಡ್ಡಿಯಷ್ಟು ಸರಿಸುವುದು, ಇನ್ನೊಂದು ಫೋಟೋ. ಎಲ್ಲ ಸೇರಿಸಿ ಓಡಿಸಿದರೆ ಗೊಂಬೆ ಎದ್ದು ನಡೆಯುತ್ತದೆ! ಮೊದಲ ಸಲ ಮಣ್ಣಿನ ಕೋಳಿ ನಾಲ್ಕು ಹೆಜ್ಜೆ ಇಟ್ಟಾಗ ಪಾಪಮ್ಮ ಸೌಟು ಹಿಡಿದುಕೊಂಡೇ ಓಡಿಬಂದು, "ಇದೇನು ಮಾಟನಾ ಟೀಚರೇ" ಎಂದಿದ್ದಳು. ರಾತ್ರಿಯಿಡೀ ಆ ಕೋಳಿಯೇ ಕಣ್ಣಿಗೆ ಕಟ್ಟಿತ್ತು. ಕೈ ಮುಟ್ಟದೆ ನಡೆಯುವ ಮಣ್ಣು.

ಈ ವರ್ಷದ ಸಿನಿಮಾ, "ಅನ್ನ ಎಲ್ಲಿಂದ ಬರುತ್ತೆ?" ಅದಕ್ಕಾಗಿ ಹನ್ನೊಂದು ಮಕ್ಕಳೂ ಜೀಪಿನ ಕಲ್ಲೇಶನ ಗದ್ದೆಗಿಳಿದು ನಾಟಿ ಮಾಡಿದವು, ಸಸಿಯನ್ನು ವಾರವಾರ ಅಳೆದು ಬರೆದವು. ಮಾತು ಬರೆಯುವುದಕ್ಕೆ ಜಗಳ ಆಡಿದವು, ಜಗಳವನ್ನೂ ಬರೆದವು. ಮಗ್ಗಿ ಎಂದರೆ ಬೆಂಚಿನಡಿ ಸೇರುತ್ತಿದ್ದ ಗಗನಾ, ಒಂದು ಸೆಕೆಂಡಿಗೆ ನಾಲ್ಕು ಫೋಟೋ ಅಂದರೆ ಮೂವತ್ತೈದು ಸೆಕೆಂಡಿಗೆ ಎಷ್ಟು ಎಂದು ಬೆರಳೆಣಿಸದೆ ಹೇಳುವಂತಾದಳು. ಸಿನಿಮಾದ ನಾಯಕಿ ಪಾಪಮ್ಮ.

"ನನ್ನ ಮೂಗು ಅಷ್ಟು ದಪ್ಪ ಇದ್ಯೇನ್ರೇ?"

"ಇಷ್ಟು ಇಲ್ಲ ಪಾಪಮ್ಮ," ಟೀಚರು ನಗು ತಡೆದು ಹೇಳಿದ್ದರು, "ಆದ್ರೆ ಕಾಣ್ಬೇಕಲ್ಲ."

ಒಂದೇ ಒಂದು ನಿಯಮ. ಫೋಟೋ ಬೀಳುವ ಮುಂಚೆ ಎಲ್ಲರೂ ಕೈ ತೆಗೆಯಬೇಕು. ಕೈ ಬಿದ್ದ ಫೋಟೋ ಕೆಲಸಕ್ಕೆ ಬರುವುದಿಲ್ಲ, ಅಳಿಸಬೇಕು. ತಮಾಷೆಯೆಂದರೆ ಅತಿ ಹೆಚ್ಚು ಸಲ ಕೈ ಬೀಳುತ್ತಿದ್ದದ್ದು ಟೀಚರದೇ. ಸೆರಗು ಸರಿಯಿಲ್ಲ, ಕತ್ತು ವಾಲಿದೆ ಅಂತ ಕೊನೇ ಗಳಿಗೆಯವರೆಗೂ ತಿದ್ದುತ್ತಲೇ ಇರುತ್ತಿದ್ದರು. ಮಕ್ಕಳೆಲ್ಲ ಒಟ್ಟಿಗೆ ಕಿರುಚುತ್ತಿದ್ದವು, "ಟೀಚರ್, ಕೈ!"

ಮೂವತ್ತು ವರ್ಷ ಕೂಗಿ ಕೂಗಿ ಟೀಚರ ಗಂಟಲು ಹೋಗಿತ್ತು. ಡಾಕ್ಟರು ಮಾತು ಕಡಿಮೆ ಮಾಡಿ ಅಂದರು. ಅದಕ್ಕೆ ತಮ್ಮ ದನಿಯನ್ನು ಒಂದು ಸಲ ಟ್ಯಾಬಿಗೆ ತುಂಬಿಸಿಟ್ಟರು. ಐದು ನಿಮಿಷಕ್ಕೊಮ್ಮೆ ಅದು ತಾನೇ ಹೇಳುವುದು, ತಾನೇ ಫೋಟೋ ತೆಗೆಯುವುದು. ಆ ರೆಕಾರ್ಡಿಂಗಿನಲ್ಲಿ ಕಿಣಿಕಿಣಿ ಸದ್ದು ಬಂತೆಂದು ಅವತ್ತೇ ಬಳೆ ತೆಗೆದಿಟ್ಟವರು ಮತ್ತೆ ಹಾಕಿಕೊಳ್ಳಲಿಲ್ಲ. ರೈಟ್ರು ಗೊಣಗಿದರಂತೆ. ಗೊಣಗಲಿ ಬಿಡು ಅಂದಿದ್ದರು.

*

"ಹೊತ್ತಾಯ್ತು, ಎತ್ತಿ," ಎಂದರು ಭಟ್ಟರು.

ನಾಲ್ವರು ಬಗ್ಗಿದರು. ತಲೆಯ ಕಡೆ ಕಾಶೀನಾಥ, ಕಾಲಿನ ಕಡೆ ಕಲ್ಲೇಶ್, ನಡುವೆ ಇನ್ನಿಬ್ಬರು. ಟೀಚರ ಮೈಯಡಿ ಕೈ ತೂರಿಸಿದರು.

"ಎಲ್ಲರೂ ಕೈ ತೆಗೀರಿ."

ಟೀಚರ ದನಿ. ಸ್ವಲ್ಪ ಒಡೆದ, ಸ್ವಲ್ಪ ನಗುವಿದ್ದ, ಅವರದೇ ದನಿ.

ನಾಲ್ವರೂ ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

"ಅಲ್ಲಾಡ್ಬೇಡಿ. ಒಂದು... ಎರಡು... ಮೂರು."

ಟಕ್.

ಯಾವ ಹೆಂಗಸೋ ಚೀರಿದಳು. ಭಟ್ಟರ ಕೈಯಿಂದ ದರ್ಭೆ ಉದುರಿತು. ಹೊರಗೆ ಕಣದಲ್ಲಿ ಹನ್ನೊಂದು ಮಕ್ಕಳೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಉಸಿರು ಹಿಡಿದು, ಇದ್ದಲ್ಲೇ ಕಲ್ಲಾಗಿದ್ದವು. ಟಕ್ ಎಂದ ಮೇಲೆ ಉಸಿರು ಬಿಟ್ಟು, ಏನೂ ಆಗದವರಂತೆ ಕೈ ಬಿಚ್ಚಿದವು.

"ಅಲ್ಲಿ! ಚೀಲದಲ್ಲಿ," ಎಂದ ಕಲ್ಲೇಶ್. ಗೋಡೆಯ ಮೊಳೆಗೆ ಟೀಚರ ಚೀಲ ನೇತುಬಿದ್ದಿತ್ತು. ನಿನ್ನೆ ಹೆಣದ ಜೊತೆ ಅದನ್ನೂ ಜೀಪಿನಲ್ಲಿ ತಂದು ಅಲ್ಲಿ ಸಿಕ್ಕಿಸಿದ್ದವನು ಅವನೇ. ಟ್ಯಾಬಿನ ಮೇಲಂಚು ಚೀಲದಿಂದ ನಾಲ್ಕು ಬೆರಳಿನಷ್ಟು ಹೊರಗೆ ಇಣುಕುತ್ತಿತ್ತು, ಅದರ ಕ್ಯಾಮೆರಾ ಹಾಲ್‌ನತ್ತ.

"ಅದು ಸತ್ತೋಗಿದೆ ಅಂದ್ನಲ್ಲ ಕಳಸದ ಅಂಗಡಿಯವ್ನು," ಕಲ್ಲೇಶ್ ಬೆವರೊರೆಸಿಕೊಂಡ. "ನಾನೇ ಜೊತೆಗಿದ್ದೆ. ಬಿಚ್ಚಿ ನೋಡಿ, ಒಳಗೆಲ್ಲ ಬೆಂದೋಗಿದೆ, ಬಿಸಾಕಿ ಅಂದ."

ಪಂಚಮಿ ಬಗ್ಗಿ ಚೀಲದೊಳಗೆ ನೋಡಿದಳು. ಗುಂಡಿ ಒತ್ತಿದಳು, ಹಿಡಿದು ನಿಂತಳು. "ಸ್ಕ್ರೀನ್ ಕಪ್ಪಗೇ ಇದೆ. ಆನ್ ಆಗೇ ಇಲ್ಲ."

"ಆನ್ ಆಗದೆ ಮಾತಾಡ್ತಾ?" ಎಂದರು ಗಂಗಾಧರಪ್ಪ. "ಅದನ್ನ ಮೊದ್ಲು ಹೊರಗೆ ತಗೊಂಡೋಗಿ, ಹಳ್ಳಕ್ಕಾದ್ರೂ ಎಸೀರಿ."

"ಬೇಡ." ಕಾಶೀನಾಥ ನೆಲದ ಮೇಲೆ ಕೂತೇ ಇದ್ದರು, ಕೈಯೆರಡೂ ಎದೆಯ ಹತ್ತಿರ. "ಇರ್ಲಿ ಬಿಡಿ. ಬಾ, ಮಕ್ಕಳ ಸಿನಿಮಾ ನೋಡು ಬಾ ಅಂತ ಎರಡು ವರ್ಷ ಕರೆದ್ಲು. ಇವತ್ತು ನಾಳೆ ಅಂದೆ. ಇವತ್ತಾದ್ರೂ ಮಾತಾಡ್ಲಿ."

ಪಾಪಮ್ಮ ಹೊಸ್ತಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಕೈ ತೆಗೀರಿ. ಯಾರ ಕೈ? ಊರಿಗೆಲ್ಲ ಅದು ಯಂತ್ರದ ಮಾತು. ಅವಳಿಗೆ ಗೊತ್ತು, ಆ ಯಂತ್ರದ ಮೇಲೆ ಬಿದ್ದ ಕೈ ಯಾರದೆಂದು.

*

ಕಳೆದ ಸೋಮವಾರ. ಮಂಜು ಶಾಲೆಯೊಳಗೇ ಬಂದು ಕೂತಿತ್ತು. ಹಾಜರಿ ಪುಸ್ತಕ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿತ್ತು, ಬೆಂಕಿಪೊಟ್ಟಣ ಹತ್ತುತ್ತಿರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಪಾಪಮ್ಮ ಗುಡಿಸಲು ಬಂದಾಗ, ಮೇಜಿನ ಮೇಲೆ ಟ್ಯಾಬ್ ಇತ್ತು. ಗಾಜಿನ ಮೇಲೆ ಬೆವರು.

ಅಯ್ಯೋ ಪಾಪ, ಥಂಡಿ ಹಿಡಿದಿದೆ ಎಂದುಕೊಂಡಳು. ಅವಳ ಅಜ್ಜಿ ಹಾಗೆ ಮಾಡುತ್ತಿದ್ದಳು, ಅವಳೂ ಹಾಗೇ ಮಾಡುತ್ತಾಳೆ. ಮಳೆಗಾಲದಲ್ಲಿ ತೇವ ಆದದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸುವುದು. ಉಪ್ಪು, ಏಲಕ್ಕಿ, ಹೆಬ್ಬೆಟ್ಟು ಒತ್ತಿದ ಪತ್ರ, ಮಕ್ಕಳ ಪಾಟಿಚೀಲ, ಎಲ್ಲಕ್ಕೂ ಅದೇ ಮದ್ದು. ಟ್ಯಾಬನ್ನು ಸೆರಗಿನಲ್ಲಿ ಒರೆಸಿ, ಅಟ್ಟದ ಮೇಲೆ ಬೆಚ್ಚಗೆ ಮಲಗಿಸಿ, ಬೂದಿಯೊಳಗೆ ಎರಡು ಕೆಂಡ ಹೆಚ್ಚಿಗೇ ಬಿಟ್ಟು ಹೋದಳು. ಒಳ್ಳೆಯದೇ ಮಾಡಿದೆ ಎಂಬ ಸಮಾಧಾನದಲ್ಲಿ ನಿದ್ದೆಯೂ ಚೆನ್ನಾಗಿ ಬಂತು.

ಮಂಗಳವಾರ ಬೆಳಿಗ್ಗೆ ಟೀಚರು ಕಪ್ಪಿಟ್ಟ ಟ್ಯಾಬನ್ನು ಎರಡೂ ಅಂಗೈಯಲ್ಲಿ ಹಿಡಿದು ಒಲೆಯ ಮುಂದೆ ನಿಂತಿದ್ದರು.

"ಟೀಚರೇ, ನಾನು..."

"ಶ್! ನಾನು ಬಕೆಟ್ಟಿಗೆ ಬೀಳಿಸ್ದೆ. ತಿಳೀತಾ? ಗಂಗಾಧರಪ್ಪನವ್ರಿಗೂ ಹಂಗೇ ಹೇಳ್ತೀನಿ, ಮನೇಲೂ ಹಂಗೇ ಹೇಳ್ತೀನಿ. ನೀನು ಬಾಯಿ ಬಿಟ್ರೆ ನೋಡು."

"ಸಿನಿಮಾ ಹೋಯ್ತಾ?"

"ಹೋಗಲ್ಲ. ನಾಳೆ ಕಳಸದಲ್ಲಿ ರಿಪೇರಿ ಮಾಡ್ಸೋಣ." ಆಮೇಲೆ, "ಕೊನೇ ಸೀನೊಂದು ಬಾಕಿ ಇತ್ತಲ್ಲ ಪಾಪಮ್ಮ. ಆ ಟೀಚರ್ ಗೊಂಬೆ ಇನ್ನೂ ಊಟಕ್ಕೇ ಕೂತಿಲ್ಲ," ಎಂದರು.

ಆ ಸೀನು ಗಗನಾಳ ಹಟ. ಟೀಚರು ಮನೆಯಿಂದ ಡಬ್ಬಿ ತರುತ್ತಿದ್ದರು. ಮಕ್ಕಳು ಎದ್ದ ಮೇಲೆ ಪಾಪಮ್ಮನ ಹತ್ತಿರ ಒಂದು ಸೌಟು ಸಾರು ಹಾಕಿಸಿಕೊಂಡು, ಅಡುಗೆಮನೆ ಬಾಗಿಲಲ್ಲಿ ನಿಂತೇ ಉಂಡು ಮುಗಿಸುತ್ತಿದ್ದರು. ಒಂದು ದಿನವೂ ಕೂತಿರಲಿಲ್ಲ. ಯಾಕೆ ಎಂದು ಪಾಪಮ್ಮ ಕೇಳಲಿಲ್ಲ, ಅವರು ಹೇಳಲಿಲ್ಲ. ಗಗನಾ ಮಾತ್ರ ಕೇಳಿದ್ದಳು. ಸರಿ, ಸಿನಿಮಾದಲ್ಲಿ ಕೂರಿಸೋಣ ಎಂದಿದ್ದರು ಟೀಚರು.

*

ಎರಡನೆಯ ಸಲ ದನಿ ಬಂದದ್ದು ಚಟ್ಟಕ್ಕೆ ಹಗ್ಗ ಬಿಗಿಯುವಾಗ. ಈ ಸಲ ಯಾರೂ ಚೀರಲಿಲ್ಲ, ಆದರೆ ಹಗ್ಗ ಹಿಡಿದವರ ಕೈ ತಾನಾಗಿ ಬಿಟ್ಟುಕೊಂಡಿತು. ಮಕ್ಕಳು ಕಲ್ಲಾದವು, ಬಿಚ್ಚಿಕೊಂಡವು. ಮರದ ಮೇಲೆ ಕೂಗುತ್ತಿದ್ದ ಹಕ್ಕಿಯೂ ಅಷ್ಟು ಹೊತ್ತು ಸುಮ್ಮನಾಗಿತ್ತು.

ಮೂರನೆಯ ಸಲ, ಹೆಗಲಿಗೇರಿಸಲು ಎಲ್ಲರೂ ಚಟ್ಟದ ಬಿದಿರು ಹಿಡಿದಾಗ.

"ಎಲ್ಲರೂ ಕೈ ತೆಗೀರಿ."

"ನಂದೇ ಟೀಚರೇ!" ಪಾಪಮ್ಮ ಕೂಗಿಕೊಂಡಳು. "ನಂದೇ ಕೈ!"

ಎಲ್ಲರೂ ತಿರುಗಿದರು. ಅವಳು ಕಣದ ನಡುವೆ ಬಂದು, ರೈಟರ ಕಾಲ ಹತ್ತಿರ ಕುಸಿದು ಕೂತಿದ್ದಳು.

"ಬಕೆಟ್ಟಿಗೆ ಬೀಳ್ಸಿದ್ದು ಸುಳ್ಳು ರೈಟ್ರೇ. ಒಲೆ ಅಟ್ಟದ ಮೇಲೆ ಇಟ್ಟಿದ್ದು ನಾನು. ಒಣಗ್ಲಿ ಅಂತ ಇಟ್ಟೆ, ಸುಟ್ಟುಹಾಕ್ದೆ. ನನ್ನ ಕೆಲ್ಸ ಹೋಗುತ್ತೆ ಅಂತ ಟೀಚರು ತಮ್ಮ ಮೇಲೆ ಹಾಕ್ಕೊಂಡ್ರು. ನೀವು ಬೈದ್ರಲ್ಲ, ಆ ಬೈಗಳ ನಂಗೆ ಬರ್ಬೇಕಾದ್ದು. ಕಳಸಕ್ಕೆ ಹೋಗಿದ್ದೂ ನನ್ನಿಂದ್ಲೇ. ನಾನೇ ಕೊಂದೆ!"

ಗಂಗಾಧರಪ್ಪ ಏನೋ ಹೇಳಲು ಹೊರಟವರು ರೈಟರ ಮುಖ ನೋಡಿ ಹಿಂದೆ ಸರಿದರು.

ಕಾಶೀನಾಥ ಬೆಂಕಿಯ ಮಡಕೆಯನ್ನು ಕೆಳಗಿಟ್ಟರು. ಭಟ್ಟರು ಇಡಬಾರದು ಅಂದದ್ದು ಅವರಿಗೆ ಕೇಳಿಸಲಿಲ್ಲ. ಚಟ್ಟದ ಪಕ್ಕ ಮಂಡಿಯೂರಿ, ಹೊದಿಕೆಯಡಿಯಿಂದ ಹೆಂಡತಿಯ ಬಲಗೈಯನ್ನು ಹೊರತೆಗೆದು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಸಿರು ಬಳೆ ಗಲಗಲ ಎಂದಿತು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಹಳ್ಳದ ಕೆಂಪು ಮಣ್ಣು ಉಳಿದೇ ಇತ್ತು.

"ಕೈಲಿ ಜೀವ ಇತ್ತಲ್ಲೇ ಮಾರಾಯ್ತಿ," ಎಂದರು. ಊರಿನವರ ಮುಂದೆ ಹೆಂಡತಿಯ ಜೊತೆ ಹಾಗೆ ಮಾತಾಡಿದವರಲ್ಲ. "ನಾನೇ ನೋಡ್ಲಿಲ್ಲ. ನಾನೇ ನೋಡ್ಲಿಲ್ಲ." ಅತ್ತರು, ಗಂಡಸರು ಅಳುವ ಹಾಗಲ್ಲ, ಬಾಯಿ ತೆರೆದು ಅತ್ತರು.

ಆಮೇಲೆ ಎದ್ದು, ಮಡಕೆ ಎತ್ತಿಕೊಂಡು, ಪಾಪಮ್ಮನಿಗೆ ಹೇಳಿದರು. "ಮನೆ ಹತ್ರ ಇರು. ಹೋಗ್ಬೇಡ."

ಚಟ್ಟ ತೋಟದ ಇಳಿಜಾರಿನಲ್ಲಿ ಇಳಿದು ಕಣ್ಮರೆಯಾಯಿತು. ಹೆಂಗಸರು ಹಾಲ್ ತೊಳೆದು, ತಲೆಯಿದ್ದ ಜಾಗದಲ್ಲಿ ದೀಪ ಹಚ್ಚಿ, ಟೀಚರ್ ಗೊಂಬೆಯನ್ನು ಮತ್ತೆ ಅದರ ಬುಡದಲ್ಲೇ ನಿಲ್ಲಿಸಿದರು. ಗಾಳಿಗೆ ದೀಪ ಆರಬಾರದೆಂದು ಮುಂಬಾಗಿಲು ಎಳೆದು ಚಿಲಕ ಹಾಕಿ, ಮನೆ ಬಳಸಿ ಹಿಂದಿನ ಬಚ್ಚಲ ಕಡೆ ಸ್ನಾನಕ್ಕೆ ಹೋದರು. ಹಿತ್ತಿಲಿಂದ ಹಾಲ್‌ಗೆ ಬರುವ ಬಾಗಿಲಿಗೆ ಅಗುಳಿ ಹಾಕಿತ್ತು. ಪಾಪಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ, ಬೆನ್ನನ್ನು ಬಾಗಿಲಿಗೆ ಒರಗಿಸಿ ಕೂತಳು. ಕಾವಲಿಗೆ ಎಂದು ಕೂತದ್ದಲ್ಲ. ಹೋಗಬೇಡ ಎಂದಿದ್ದರು, ಒಳಗೆ ಬಾ ಎಂದಿರಲಿಲ್ಲ.

ಐದು ನಿಮಿಷಕ್ಕೊಮ್ಮೆ ಬಾಗಿಲ ಹಿಂದೆ ಟೀಚರು ಹೇಳುತ್ತಿದ್ದರು. ಎಲ್ಲರೂ ಕೈ ತೆಗೀರಿ. ಅಲ್ಲಾಡ್ಬೇಡಿ. ಕಣದಲ್ಲಿ ಪಂಚಮಿಯ ಸುತ್ತ ಕೂತಿದ್ದ ಮಕ್ಕಳು ಕಲ್ಲಾಗುತ್ತಿದ್ದವು, ಟಕ್ ಎಂದೊಡನೆ ಜೀವ ಬರುತ್ತಿತ್ತು. ಕೆಳಗೆ ತೋಟದಾಚೆ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

ನಡುನಡುವೆ ಇನ್ನೊಂದು ಸದ್ದು. ಮೊದಲು ಕಿವಿಯದೇ ಭ್ರಮೆ ಎಂದುಕೊಂಡಳು. ಬಾಗಿಲ ಹಿಂದೆ, ದೂರದಲ್ಲಿ, ಕಿಣಿ. ಆಮೇಲೆ ಟಕ್. ಆಮೇಲೆ ಸುಮಾರು ಹೊತ್ತು ಬಿಟ್ಟು, ಸ್ವಲ್ಪ ಹತ್ತಿರ, ಕಿಣಿಕಿಣಿ. ಪಾಪಮ್ಮ ಹನ್ನೆರಡು ವರ್ಷದಿಂದ ಬಳೆ ತೊಡದವಳು. ಪಂಚಮಿಯ ಕೈಯಲ್ಲಿ ವಾಚು. ಹೆಂಗಸರೆಲ್ಲ ಹಿತ್ತಿಲಲ್ಲಿ. ಅವಳು ತಿರುಗಿ ನೋಡಲಿಲ್ಲ. ಬೆನ್ನಿನಿಂದ ಬಾಗಿಲನ್ನು ಇನ್ನಷ್ಟು ಒತ್ತಿಕೊಂಡಳು. ಕೊನೆಗೆ ಆ ಸದ್ದು ಬೆನ್ನ ಹಿಂದೆಯೇ, ಹಲಗೆಯ ಆಚೆ, ಒಂದು ಗೇಣು ದೂರದಲ್ಲಿ ಕೇಳಿಸಿತು.

ಹೆದರಿಕೆಯೇ ಆಗಬೇಕಿತ್ತು, ಆಯಿತು ಕೂಡ. ಆದರೆ ಅದರ ಜೊತೆಗೆ ಯಾಕೋ ಹಸಿವೂ ಆಯಿತು.

ಎರಡೂವರೆಗೆ ಗಂಡಸರು ಮಿಂದು ಒದ್ದೆ ಬಟ್ಟೆಯಲ್ಲಿ ವಾಪಸಾದರು. ಕಾಶೀನಾಥ ದೀಪ ನೋಡಲೆಂದು ಚಿಲಕ ತೆಗೆದು ಬಾಗಿಲು ತಳ್ಳಿ, ಎತ್ತಿದ ಕಾಲನ್ನು ಅಲ್ಲೇ ತಡೆದರು.

"ಇದನ್ನ ಇಲ್ಲಿ ಯಾರಿಟ್ಟಿದ್ದು? ತುಳೀತಿದ್ನಲ್ಲ."

ಟೀಚರ್ ಗೊಂಬೆ ದೀಪದ ಬುಡದಲ್ಲಿರಲಿಲ್ಲ. ಹೊಸ್ತಿಲ ಹತ್ತಿರ, ದಪ್ಪ ಮೂಗಿನ ಗೊಂಬೆಯ ಎದುರಿಗೆ ಇತ್ತು. ನಿಂತಿರಲಿಲ್ಲ. ಮಂಡಿ ಮಡಿಸಿ, ಚಕ್ಕಳಮಕ್ಕಳ ಹಾಕಿ ಕೂತಿತ್ತು.

"ಮಕ್ಕಳ ಕೆಲ್ಸ," ಎಂದರು ಗಂಗಾಧರಪ್ಪ.

"ನಾವು ಒಳಗೆ ಹೋಗೇ ಇಲ್ಲ!" ಎಂದಳು ಗಗನಾ.

"ಯಾರೂ ಹೋಗಿಲ್ಲ," ಎಂದಳು ಪಾಪಮ್ಮ. "ನಾನು ಬಾಗ್ಲು ಬಿಟ್ಟು ಎದ್ದಿಲ್ಲ."

ಪಂಚಮಿ ಮೊಳೆಯಿಂದ ಚೀಲ ಇಳಿಸಿದಳು. ಈಗ ಟ್ಯಾಬಿನ ಗಾಜಿನಲ್ಲಿ ಬೆಳಕಿತ್ತು. ಅವಳು ಗಾಜಿನ ಮೇಲೆ ಬೆರಳೆಳೆದಳು. "ಸಿನಿಮಾ ಎಲ್ಲ ಇದೆ," ಎಂದಳು. "ಏನೂ ಹೋಗಿಲ್ಲ. ಕೊನೇಲಿ ಇವತ್ತಿಂದು ಸೇರ್ಕೊಂಡಿದೆ. ನಲವತ್ತು ಫೋಟೋ."

"ಹಾಕಿ," ಎಂದರು ಕಾಶೀನಾಥ. ಒದ್ದೆ ಪಂಚೆಯಲ್ಲೇ ನೆಲದ ಮೇಲೆ ಕೂತರು. ಮಕ್ಕಳು ಶಾಲೆಯಲ್ಲಿ ಕೂರುವ ಹಾಗೆ ಅವರ ಸುತ್ತ ಒತ್ತಿಕೊಂಡವು. ರೈಟ್ರು ತಲೆಯೆತ್ತಿ ನೋಡಿದರು. "ಅಲ್ಲೇನು ನಿಂತಿದೀಯ ಪಾಪಮ್ಮ? ಒಳಗೆ ಬಾ. ನಿನ್ನ ಸಿನಿಮಾ ತಾನೆ?"

ಪಾಪಮ್ಮ ಹೊಸ್ತಿಲು ದಾಟಿದಳು.

ಹತ್ತು ಸೆಕೆಂಡು. ನೆಲದ ಮೇಲೆ ಟೀಚರು, ಸುತ್ತ ಜನ, ಹಿಂದಕ್ಕೆ ಹಾರಿದ ನಾಲ್ಕು ಜೊತೆ ಕೈ. ಜನ ಇಲ್ಲ. ಟೀಚರೂ ಇಲ್ಲ. ತೊಳೆದ ನೆಲ. ದೀಪ, ದೀಪದ ಬುಡದಲ್ಲಿ ಗೊಂಬೆ. ಗೊಂಬೆ ಒಂದು ಕಾಲು ಮುಂದಿಟ್ಟಿತು. ಇನ್ನೊಂದು ಕಾಲು. ಟೀ ಚೆಲ್ಲದ ಹಾಗೆ ಲೋಟ ಹಿಡಿದವರ ನಡಿಗೆಯಲ್ಲಿ ಅದು ಹಾಲ್ ದಾಟಿ ಬಂತು. ಹೊಸ್ತಿಲ ಹತ್ತಿರ ನಿಂತಿತು. ಬಗ್ಗಿತು.

"ನಿಲ್ಸಿ," ಎಂದಳು ಗಗನಾ. "ಅಲ್ಲಿ! ಅದ್ರಲ್ಲಿ ಬಿದ್ದಿದೆ."

ಪಂಚಮಿ ನಿಲ್ಲಿಸಿದಳು. ಫೋಟೋದ ಮೂಲೆಯಲ್ಲಿ ವೇಳೆ ಕಾಣುತ್ತಿತ್ತು, ಒಂದು ನಲವತ್ತು. ಆ ಹೊತ್ತಿಗೆ ಕೆಳಗೆ ಚಿತೆ ಅರ್ಧ ಉರಿದಿತ್ತು.

ಚಿತ್ರದ ಬಲಗಡೆಯಿಂದ ಒಂದು ಕೈ ಒಳಬಂದಿತ್ತು. ಮಣಿಕಟ್ಟಿನಿಂದ ಮೇಲಕ್ಕೆ ಹಸಿರು ಗಾಜಿನ ಬಳೆ, ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. ಎರಡು ಬೆರಳು ಗೊಂಬೆಯ ಸೆರಗನ್ನು ಸರಿಮಾಡುತ್ತಿದ್ದವು.

ಆಮೇಲೆ ಹನ್ನೊಂದು ಮಕ್ಕಳೂ, ಎರಡು ವರ್ಷದ ಅಭ್ಯಾಸದಿಂದ, ನಗುತ್ತಾ ಒಟ್ಟಿಗೆ ಕೂಗಿದವು.

"ಟೀಚರ್, ಕೈ!"

ಪಂಚಮಿಯ ಬೆರಳು ಅಳಿಸುವ ಗುರುತಿನ ಕಡೆ ಹೋಯಿತು. ಅದೂ ಅಭ್ಯಾಸವೇ. ಕಾಶೀನಾಥ ಆ ಬೆರಳನ್ನು ಮೆಲ್ಲಗೆ ಹಿಡಿದುಕೊಂಡರು.

"ಅಳಿಸ್ಬೇಡಿ. ಇನ್ನೊಂದ್ಸಲ ಹಾಕಿ."

ಗೊಂಬೆ ಮತ್ತೆ ದೀಪದ ಬುಡದಿಂದ ಹೊರಟಿತು. ಹಾಲ್ ದಾಟಿ ಬಂದು, ಹೊಸ್ತಿಲ ಹತ್ತಿರ ನಿಂತು, ಬಗ್ಗಿತು. ಕೈ ಬಂತು, ಸೆರಗು ಸರಿಮಾಡಿತು, ಹೋಯಿತು. ಟೀಚರು ಕೂತರು. ಪಾಪಮ್ಮ ಸೌಟು ಎತ್ತಿದಳು.